ಈಜುವ ಜೇನು

ಸಂಜೆ ಕಾಲೇಜಿಗೆ ಹೊರಟಿದ್ದ ಟೈಲರಮ್ಮನ ಮುಂದೆ, ಬಸ್ಸಿನ ಸಾಲಿನಲ್ಲಿ, ಮಗಳ ಶಾಲೆಯ ಲೈಬ್ರರಿ ಮೇಡಂ ಮತ್ತು ವಿಜ್ಞಾನದ ಮೇಷ್ಟ್ರು ನಿಂತಿದ್ದರು. ಅವರಿಗೆ ಇವಳ ಗುರುತಿರಲಿಲ್ಲ. ಕದ್ದು ಕೇಳುವುದು ತಪ್ಪೆಂದು ಒಂದು ಹೆಜ್ಜೆ ಹಿಂದೆ ಸರಿದಳು. ಕಿವಿ ಮಾತ್ರ ಅಲ್ಲೇ ಉಳಿಯಿತು.

“ನೀರಲ್ಲಿ ಈಜುವ ಜೇನುಹುಳ ಅನ್ನೋದು ನಾನೇ ಕಟ್ಟಿದ ಕತೆ ಸಾರ್. ಇಂಟರ್‌ನೆಟ್‌ನಲ್ಲಿ ಓದಿದ್ದನ್ನೆಲ್ಲ ಮಕ್ಕಳು ನಂಬ್ತಾರಾ ಅಂತ ನೋಡೋಕೆ ಶಾಲೆ ವೆಬ್‌ಸೈಟಲ್ಲಿ ಹಾಕಿದ್ದೆ. ನೀವು ಹೋಗಿ ಪರೀಕ್ಷೆಗೇ ಕೊಟ್ಟುಬಿಟ್ರಿ.”

“ಕೆಳಗೆ ಯಾರೋ ಪ್ರೊಫೆಸರ್ ಹೆಸರಿತ್ತಲ್ಲ ಮೇಡಂ.”

“ಅದು ನಮ್ಮನೆ ಬೆಕ್ಕಿನ ಹೆಸರು.”

ಮೇಷ್ಟ್ರು ಕೆಮ್ಮಿದರು. “ಒಬ್ಬರಾದ್ರೂ ಹಿಡಿದ್ರಾ?”

“ಒಬ್ಬಳು. ಆ ಪ್ರೊಫೆಸರ್ ಬೇರೆಲ್ಲೂ ಸಿಗಲ್ಲ, ಇದು ಸುಳ್ಳು ಅಂತ ಮೊದಲೇ ಬಂದು ಹೇಳಿದ್ಲು. ಟೈಲರ್ ಮಗಳು.”

“ಅವಳಾ? ಪುಟ ತುಂಬ ಉತ್ತರ ಬರೆದಿದಾಳಲ್ಲ. ಕೊನೆಗೆ ಒಂದು ಸಾಲು ಬೇರೆ: ‘ಇದು ಸುಳ್ಳು ಅಂತ ಗೊತ್ತು, ಅಮ್ಮ ಬಾಯಿಪಾಠ ಮಾಡಿಸಿದರು.’”

“ಅಯ್ಯೋ ಪಾಪ. ಅವರಮ್ಮನಿಗೂ ಒಂದು ಪಾಠ ಮಾಡ್ಬೇಕು.”

“ಅವರ ಪಕ್ಕ ನನಗೂ ಒಂದು ಜಾಗ ಇಡಿ.”

ಬಸ್ಸು ಬಂತು, ಇಬ್ಬರೂ ಹತ್ತಿದರು. ಟೈಲರಮ್ಮ ಹತ್ತಲಿಲ್ಲ. “ಪ್ರೊಫೆಸರಿಗಿಂತ ನೀನು ದೊಡ್ಡವಳಾ? ಸುಮ್ನೆ ಕಲಿ” ಎಂದು ಪರೀಕ್ಷೆಯ ಹಿಂದಿನ ದಿನ ಮಗಳನ್ನು ಗದರಿದವಳು ತಾನೇ. ಅವಳು ಸಾಲು ಬಿಟ್ಟು ಮನೆಯ ಕಡೆ ಬಿರಬಿರನೆ ನಡೆದಳು.