ಅನೆಸ್ತಿಸ್ ಮೇಷ್ಟ್ರು ಕಟ್ಟಿದ ಹೆಸರುಗಳ ಹಾಡು

ಪೂಜ್ಯ ಪಾದ್ರಿ ಗೆರ್ವಾಸಿಯೋಸ್ ಅವರೇ, ಎವ್ದೊಕಿಯಾ ಅಕ್ಕ, ನಮ್ಮ ಶಾಲೆಯ ಅಧ್ಯಾಪಕ ಮಿತ್ರರೇ, ಕೊಕ್ಕಿನಿಯಾ ಬಡಾವಣೆಯ ನೆರೆಹೊರೆಯವರೇ, ಮಕ್ಕಳೇ — ಎಲ್ಲರಿಗೂ ನಮಸ್ಕಾರ. ಬಂದಿರಿ. ನಡೆದುಕೊಂಡು ಬಂದಿರಿ. ಈ ಚಳಿಯಲ್ಲಿ, ಈ ಖಾಲಿ ಹೊಟ್ಟೆಯಲ್ಲಿ, ನಾಲ್ಕು ಬೀದಿ ನಡೆಯುವುದೆಂದರೆ ಏನೆಂದು ನನಗೆ ಗೊತ್ತು. ಅದಕ್ಕಾಗಿ ಮೊದಲು ನಿಮಗೆ ಕೈಮುಗಿಯುತ್ತೇನೆ.

ಸತ್ತವರ ನಲವತ್ತನೆಯ ದಿನ ಬೇಯಿಸಿದ ಗೋಧಿ ಹಂಚಬೇಕು. ಗೋಧಿ ಇಲ್ಲ. ಆ ತಟ್ಟೆಯಲ್ಲಿರುವುದು ಒಂದು ಹಿಡಿ ಒಣದ್ರಾಕ್ಷಿ, ಅದು ಮಕ್ಕಳಿಗೆ. ದೊಡ್ಡವರು — ದಯವಿಟ್ಟು — ಆ ಕಡೆ ನೋಡಬೇಡಿ.

ನಾನು ಸೊಫ್ರೊನಿಸ್. ಲೆಕ್ಕದ ಮೇಷ್ಟ್ರು. ಮಾತು ನನ್ನ ಕಸುಬಲ್ಲ, ಅನೆಸ್ತಿಸ್ ಮೇಷ್ಟ್ರ ಕಸುಬು. ಹದಿನೇಳು ವರ್ಷ ನಾವಿಬ್ಬರೂ ಪಕ್ಕಪಕ್ಕದ ಕೋಣೆಗಳಲ್ಲಿ ಪಾಠ ಮಾಡಿದೆವು. ನಡುವೆ ಒಂದು ತೆಳು ಗೋಡೆ. ನಾನು ಈಚೆ ತ್ರಿಭುಜ ಎಳೆಯುತ್ತಿದ್ದರೆ ಆಚೆಯಿಂದ ಹಳೆಯ ಮಹಾಕಾವ್ಯದ ಸಾಲು ದಬದಬ ಬರುತ್ತಿತ್ತು. ಅವರು ಓದುವಾಗ ಕಾಲಿನಿಂದ ತಾಳ ಹಾಕುತ್ತಿದ್ದರು — ಹೀಗೆ — ಸಾಲಿಗೆ ಆರು ಪೆಟ್ಟು. ನನ್ನ ಹುಡುಗರು ಲೆಕ್ಕ ಬಿಟ್ಟು ಆ ಪೆಟ್ಟು ಎಣಿಸುತ್ತಿದ್ದರು. ನಾನು ಹೋಗಿ ಬಾಗಿಲು ಬಡಿಯುತ್ತಿದ್ದೆ.

"ಏನಯ್ಯ ಅನೆಸ್ತಿಸ್, ಯುದ್ಧ ಸ್ವಲ್ಪ ಮೆತ್ತಗೆ ಮಾಡಿಸು."

"ನೀನೂ ಬಂದು ಕೂತ್ಕೋ. ಮನುಷ್ಯ ಆಗ್ತೀಯ."

ಅಂಥ ಜಗಳಗಳು. ಈಗ ಅವು ಯಾವ ದೇಶದ ಕಥೆಯೋ ಎನಿಸುತ್ತದೆ.

ಅನೆಸ್ತಿಸ್ ಚಾಕಿರೊಗ್ಲು ಹುಟ್ಟಿದ್ದು ಸಮುದ್ರದಾಚೆ, ಸ್ಮಿರ್ನಾದ ಹತ್ತಿರ. ಇಲ್ಲಿ ಕುಳಿತಿರುವ ಮುಕ್ಕಾಲು ಜನರ ಹಾಗೆ ಅವರೂ ಇಪ್ಪತ್ತೆರಡನೆಯ ಇಸವಿಯಲ್ಲಿ ಊರು ಸುಟ್ಟಾಗ ದೋಣಿ ಹತ್ತಿ ಬಂದವರು. ಈ ಎವ್ದೊಕಿಯಾ ಅಕ್ಕನ ಕೈ ಹಿಡಿದು ಬಂದರು. ಮದುವೆಯಾಗಲಿಲ್ಲ. ಮಕ್ಕಳು ಬೇಕೆನಿಸಿದರೆ ಶಾಲೆ ಇತ್ತು. ಹೋದ ವರ್ಷ ದೇಶ ಹಿಡಿದ ಪರಕೀಯ ಸೈನ್ಯದವರು ಬಂದು ಶಾಲೆಯ ಕಟ್ಟಡ ತೆಗೆದುಕೊಂಡರು. ಬೆಂಚುಗಳು ಅವರ ಒಲೆಗೆ ಹೋದವು. ಆಗ ಮೇಷ್ಟ್ರು ಪಾಠವನ್ನು ಇಲ್ಲಿಗೆ ತಂದರು — ಇದೇ ಸಭಾಂಗಣಕ್ಕೆ, ಇದೇ ನೆಲಕ್ಕೆ. ಮೊದಮೊದಲು ಮೂವತ್ತು ಮಕ್ಕಳು ಬರುತ್ತಿದ್ದರು.

ಒಂದು ದಿನ ಮಿರೊಫೊರಾ ಎಂಬ ಹುಡುಗಿ ಕೈ ಎತ್ತಿದಳು. ಹನ್ನೆರಡು ವರ್ಷ. "ಮೇಷ್ಟ್ರೇ, ಯುದ್ಧ ಬಿಡಿ. ಅವ್ರು ಊಟ ಮಾಡೋದು ಓದಿ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಪುಟ ತಿರುಗಿಸಿ ಓದಿದರು. ಎತ್ತಿನ ಮಾಂಸವನ್ನು ಕಂಬಿಗೆ ಚುಚ್ಚಿ ಸುಡುವುದು, ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುವುದು, ಬುಟ್ಟಿ ತುಂಬ ರೊಟ್ಟಿ. ಮಕ್ಕಳು ಬಾಯಿ ತೆರೆದು ಕೇಳಿದರು. ಒಬ್ಬ ಜೊಲ್ಲು ಒರೆಸಿಕೊಂಡ. ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದ ಮೇಲೆ ಮೇಷ್ಟ್ರನ್ನು ಹಿಡಿದುಕೊಂಡೆ.

"ಹಸಿದ ಮಕ್ಕಳ ಮುಂದೆ ಮಾಂಸದ ಕಥೆ ಹೇಳ್ತೀಯಲ್ಲ, ನಿಂಗೇನು ಕರುಳಿಲ್ವಾ?"

ಅವರು ಮೆಟ್ಟಿಲ ಮೇಲೆ ಕುಳಿತರು. ಆಗಲೇ ಹಸಿವಿಗೆ ಕಾಲು ಊದಿತ್ತು.

"ಆ ಹಾಡು ಕಟ್ಟಿದೋರು ಹೊಟ್ಟೆ ತುಂಬಿದೋರು ಅಂದ್ಕೊಂಡಿದೀಯಾ? ಅರಮನೆ ಸುಟ್ಟು ಹೋದ್ಮೇಲೆ ಕಟ್ಟಿದ್ದು ಕಣೋ. ರಾಜ ಇಲ್ಲ, ಕೋಟೆ ಇಲ್ಲ, ಬರೆಯೋದು ಕೂಡ ಮರೆತು ಹೋಗಿತ್ತು. ನಾನೂರು ವರ್ಷ! ಮಣ್ಣಿನ ಗುಡಿಸಲಲ್ಲಿ ಗಂಜಿ ಕುಡ್ಕೊಂಡು ಹಾಡಿದ್ರು — ನಮ್ಮ ತಾತಂದಿರು ಹಿಂಗೆ ತಿಂತಿದ್ರು, ಹಿಂಗೆ ಹೊಡೆದಾಡ್ತಿದ್ರು ಅಂತ. ಹೊಟ್ಟೆ ತುಂಬಿದೋನು ಕೊಬ್ಬು ತೊಟ್ಟಿಕ್ಕೋದನ್ನ ಅಷ್ಟು ವಿವರವಾಗಿ ಹಾಡಲ್ಲ."

"ಹಾಗಾದ್ರೆ ಆ ವೀರರೆಲ್ಲ ಸುಳ್ಳಾ?"

"ಸುಳ್ಳು ಯಾಕೆ? ಒಂದು ಗುಡ್ಡ, ಒಂದು ಕುರಿಹಟ್ಟಿ, ಎರಡು ಹಡಗು ಇದ್ದ ಯಜಮಾನ್ರು. ಅವರ ದನ ಇವ್ರು, ಇವರ ದನ ಅವ್ರು ಹೊಡ್ಕೊಂಡು ಹೋಗ್ತಿದ್ರು. ಹಸಿವು ಅವ್ರನ್ನ ದೊಡ್ಡೋರು ಮಾಡ್ತು. ಹಸಿದೋರು ಸಮುದ್ರ ದಾಟಿ ನಮ್ಮ ಸ್ಮಿರ್ನಾ ಕಡೆ ಹೋದ್ರು, ಬಾಯಲ್ಲಿ ಬರೀ ಹೆಸರುಗಳು ಇಟ್ಕೊಂಡು. ಮೂರು ಸಾವಿರ ವರ್ಷ ಆದ್ಮೇಲೆ ನಾವು ಹಸ್ಕೊಂಡು ಈ ಕಡೆ ಬಂದ್ವಿ."



ಜನವರಿಯಲ್ಲಿ ಮಿರೊಫೊರಾ ಮೂರು ದಿನ ಬರಲಿಲ್ಲ. ಮೇಷ್ಟ್ರು ಮನೆಗೆ ಹೋದರು. ತಾಯಿ ಬಾಗಿಲಲ್ಲೇ ನಿಂತು, "ಮಲ್ಗಿದಾಳೆ ಮೇಷ್ಟ್ರೇ, ಏಳ್ಸಬೇಡಿ" ಎಂದರು. ಒಳಗೆ ಮಲಗಿದ್ದವರು ಅವಳ ಇಬ್ಬರು ತಮ್ಮಂದಿರು ಮಾತ್ರ. ಮೇಷ್ಟ್ರಿಗೆ ಅರ್ಥವಾಯಿತು. ನಿಮಗೂ ಆಗುತ್ತದೆ. ಸಾವು ಬರೆಸಿದರೆ ರೇಷನ್ ಕಾರ್ಡು ಹೋಗುತ್ತದೆ. ಅಂಗೈಯಗಲದ ಜೋಳದ ರೊಟ್ಟಿ, ಅದೂ ದಿನ ಬಿಟ್ಟು ದಿನ — ಅದು ಹೋದರೆ ಉಳಿದ ಇಬ್ಬರು? ತಾಯಿ ಮಗಳನ್ನು ಹೊತ್ತುಕೊಂಡು ಹೋಗಿ ಸ್ಮಶಾನದ ಗೋಡೆಯ ಪಕ್ಕ ಇಟ್ಟು ಬಂದಿದ್ದರು. ಹೆಸರಿಲ್ಲದೆ.

ಇದನ್ನು ಹೇಗೆ ಇಷ್ಟು ಜನರ ಮುಂದೆ ಹೇಳುತ್ತಿದ್ದಾನೆ ಎಂದು ಸಿಟ್ಟಾಗಬೇಡಿ. ಆ ತಾಯಿ ಇಲ್ಲೇ, ಕಿಟಕಿಯ ಬಳಿ ಕುಳಿತಿದ್ದಾರೆ. ಹೇಳಲೇ ಎಂದು ಕೇಳಿದೆ. "ಹೇಳಿ. ಆ ಕಾರ್ಡಿಂದ ತಿನ್ನೋರು ಈಗ ಇಬ್ರೂ ಇಲ್ಲ" ಎಂದರು.

 

ಆ ಮನೆಗೆ ಹೋಗಿ ಬಂದ ಮಾರನೆಯ ದಿನದಿಂದ ಮೇಷ್ಟ್ರು ಬೆಳಗಾಗುತ್ತಲೇ ಸ್ಮಶಾನದ ಗೋಡೆಗೆ ಹೋಗತೊಡಗಿದರು. ಒಬ್ಬೊಬ್ಬರ ಮುಖದ ಮೇಲಿನ ಬಟ್ಟೆ ಸರಿಸಿ ನೋಡುವುದು. ಈ ಬಡಾವಣೆಯಲ್ಲಿ ಅವರಿಗೆ ಗೊತ್ತಿಲ್ಲದ ಮುಖ ಯಾವುದು? ಮೊದಲ ದಿನ ಹೆಸರು ಬರೆದು ಅಂಗಿಗೆ ಚುಚ್ಚಿದರು. ಗುಂಡಿ ತೋಡುವ ಸ್ಪಿರೊಸ್ ಕೈ ಹಿಡಿದ.

"ಮೇಷ್ಟ್ರೇ, ನಿಮ್ಮ ದಮ್ಮಯ್ಯ, ಬರೀಬೇಡಿ. ಚೀಟಿ ಆಫೀಸಿಗೆ ಹೋದ್ರೆ ಮನೆಯೋರ ರೊಟ್ಟಿ ನಿಲ್ಲುತ್ತೆ. ಸತ್ತೋರಿಗೆ ಹೆಸರು ಕೊಟ್ಟು ಬದುಕಿರೋರನ್ನ ಕೊಲ್ತೀರಾ?"

ಮೇಷ್ಟ್ರು ಚೀಟಿ ಕಿತ್ತು ಬಾಯಿಗೆ ಹಾಕಿಕೊಂಡು ನುಂಗಿದರು. ಮಧ್ಯಾಹ್ನ ನನ್ನ ಕೋಣೆಗೆ ಬಂದರು. ಮುಖದಲ್ಲಿ ಒಂಥರಾ ಬೆಂಕಿ.

"ಸೊಫ್ರೊನಿಸ್, ಬರೆಯೋ ಹಾಗಿಲ್ಲ. ಹಾಗಾದ್ರೆ ಬರಹ ಮರೆತೋರು ಏನ್ ಮಾಡ್ತಿದ್ರೋ ಅದನ್ನೇ ಮಾಡ್ಬೇಕು."

ಹಾಗೆ ಶುರುವಾಯಿತು. ಒಬ್ಬರಿಗೆ ಒಂದು ಸಾಲು. ಆರು ಗಣದ ಸಾಲು, ಹಳೆಯ ಹಾಡುಗಾರರ ಅದೇ ಅಳತೆ. ಹೆಸರು, ತಂದೆಯ ಹೆಸರು, ಬೀದಿ — ಜೊತೆಗೆ ಒಂದು ಬಿರುದು. ಬಿರುದಿಲ್ಲದ ವೀರ ಇಲ್ಲ ಎನ್ನುತ್ತಿದ್ದರು. ಮೀನುಬಲೆ ಹೆಣೆಯುವ ಕೈಯ ಪಂದೆಲಿಸ್. ಕೇಳಿದವರಿಗೆಲ್ಲ ಉಪ್ಪು ಸಾಲ ಕೊಡುವ ಮೆಲ್ಪೊ. ನಗುವಾಗ ಬಾಯಿ ಮುಚ್ಚಿಕೊಳ್ಳುವ ಮಿರೊಫೊರಾ.

ನಾನು ಕೇಳಿದೆ, "ಉಪ್ಪು ಕೊಡೋಳು ವೀರಳಾ?"

"ವೀರ ಅಂದ್ರೆ ಗೆದ್ದೋನಲ್ಲ ಕಣಯ್ಯ. ಆ ಕಾವ್ಯದಲ್ಲಿ ಯಾರ್ ಗೆಲ್ತಾರೆ? ಎಲ್ರೂ ಸಾಯ್ತಾರೆ. ಸತ್ತೋರನ್ನ ಹೆಸರು ಹಿಡಿದು ಕರೀತಾರೆ, ಅಷ್ಟೇ. ಹೆಣ ಸುಡೋಕೆ ಅಂತ ವೈರಿಗಳೂ ಕತ್ತಿ ಕೆಳಗಿಡ್ತಿದ್ರು. ನಮಗೆ ಅಷ್ಟೂ ಇಲ್ಲ."

ದಿನವೂ ಮೊದಲಿನಿಂದ ಹೇಳಿ, ಹೊಸ ಸಾಲು ಸೇರಿಸುವರು. ಐವತ್ತಾಯಿತು. ನೂರಾಯಿತು. ನನಗೆ ಕಲಿಸಲು ಕೂಡಿಸಿಕೊಂಡರು. ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಪೆಟ್ಟು ಎಣಿಸುತ್ತಿದ್ದೆ, ಹೆಸರು ಜಾರುತ್ತಿತ್ತು. ಹಸಿದ ತಲೆ ಒಡೆದ ಮಡಕೆಯ ಹಾಗೆ. "ಇನ್ನೊಂದ್ಸಲ ಹೇಳು" ಎಂದು ಅವರು, "ನಾಳೆ ಹೇಳ್ತೀನಿ, ಬಿಡು" ಎಂದು ನಾನು. ಎಷ್ಟು ನಾಳೆಗಳು! ಇವೆಲ್ಲ ಮುಗಿದ ಮೇಲೆ ಅವರೇ ಕುಳಿತು ಬರೆಯುತ್ತಾರೆ ಎಂದುಕೊಂಡಿದ್ದೆ. ಅವರು ಸಾಯುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ಎದುರಿಗೇ ಸಾಯುತ್ತಿದ್ದರು, ಹೊಳೆಯಲಿಲ್ಲ.

ಫೆಬ್ರವರಿ ಎಂಟನೆಯ ತಾರೀಕು ಏಳಲಿಲ್ಲ. ಎವ್ದೊಕಿಯಾ ಅಕ್ಕ ನನ್ನನ್ನು ಕರೆದರು. ಹೋದೆ. ಹಾಡು ಹೇಳುತ್ತಿದ್ದರು, ತುಟಿ ಮಾತ್ರ ಆಡುತ್ತಿತ್ತು. ನನ್ನನ್ನು ಕಂಡು ನಿಲ್ಲಿಸಿದರು.

"ಸಾವು ಬರೆಸಬೇಡ. ಕಾರ್ಡು ಅಕ್ಕನ ಹತ್ರ ಇರ್ಲಿ. ನನ್ನನ್ನ ಗೋಡೆ ಹತ್ರ ಇಟ್ಟು ಬಾ."

"ಏನ್ ಮಾತು ಆಡ್ತಿದೀಯ? ನೀನು — ನೀನು ಹೆಸರಿಲ್ದೆ ಹೋಗ್ತೀಯಾ?"

"ಅಕ್ಕ ತಿನ್ಬೇಕಲ್ಲ."

ಅಕ್ಕ ಕಿರುಚಿದರು. "ನಂಗೆ ಬೇಡ ತಮ್ಮಾ! ನಿನ್ನ ಹೆಣದ ಮೇಲಿನ ರೊಟ್ಟಿ ನಂಗೆ ಬೇಡ!"

"ಸುಮ್ನಿರೇ ಅಕ್ಕ. ದೋಣೀಲಿ ನೀನು ನಿನ್ನ ಪಾಲು ನಂಗೆ ಕೊಡ್ಲಿಲ್ವಾ?" ಆಮೇಲೆ ನನಗೆ, "ನನ್ನ ಕೋಟು ಬಿಚ್ಚಿ ತಗೋ. ನಿಂಗೆ ಸರಿಯಾಗುತ್ತೆ. ನನ್ನ ಸಾಲು ನೀನೇ ಕಟ್ಟು."

ಈಗ ನಾನು ಹಾಕಿಕೊಂಡಿರುವುದು ಆ ಕೋಟನ್ನೇ.

ರಾತ್ರಿಯೇ ಹೋಗಿಬಿಟ್ಟರು. ಬೆಳಿಗ್ಗೆ ತಳ್ಳುಗಾಡಿ ತಂದೆ. ಒಬ್ಬನೇ ಎತ್ತಿದೆ — ನಾನು, ಈ ಕೈಯಲ್ಲಿ, ಒಬ್ಬನೇ! ಮಗುವಿನಷ್ಟು ಭಾರ ಇರಲಿಲ್ಲ. ಗೋಡೆಯ ಬಳಿ ಇಳಿಸಿದಾಗ ಸ್ಪಿರೊಸ್ ಜೊತೆ ಆಫೀಸಿನ ಒಬ್ಬ ಗುಮಾಸ್ತ ನಿಂತಿದ್ದ. "ಯಾರಿದು?" ಎಂದ. ನಾನು "ಗೊತ್ತಿಲ್ಲ" ಎಂದೆ.

ಕೇಳಿದಿರಾ? ಹದಿನೇಳು ವರ್ಷದ ಗೆಳೆಯನ ಮುಖ ನೋಡಿಕೊಂಡು, ಗೊತ್ತಿಲ್ಲ ಎಂದೆ.

ಸ್ಪಿರೊಸ್‌ಗೆ ಗೊತ್ತಿತ್ತು. ದಿನಾ ನೋಡಿದ ಮುಖ. ಅವನು ಗುಮಾಸ್ತನ ಕಡೆ ತಿರುಗಿ, "ಗೊತ್ತಿಲ್ದೋರು ಇವತ್ತು ಬಹಳ ಜನ ಸ್ವಾಮಿ" ಎಂದ. ತನ್ನ ಟೋಪಿ ತೆಗೆದು ಅವರ ಮುಖಕ್ಕೆ ಮುಚ್ಚಿದ. ಯಾವ ಗುಂಡಿಗೆ ಹಾಕಿದರೆಂದು ನೋಡಲು ನಾನು ನಿಲ್ಲಲಿಲ್ಲ. ಓಡಿದೆ. ಓಡಲು ಆಗಲಿಲ್ಲ, ಆದರೂ ಓಡಿದೆ. ಅದಕ್ಕೇ, ಮಹನೀಯರೇ, ಈ ನಲವತ್ತನೆಯ ದಿನ ಸಮಾಧಿಯ ಬಳಿ ಸೇರದೆ ಇಲ್ಲಿ ಸೇರಿದ್ದೇವೆ. ಸಮಾಧಿ ಇಲ್ಲ.

ನಿನ್ನೆ ಅಕ್ಕ ನನ್ನನ್ನು ಕರೆದು ಹೇಳಿದರು, "ಸಾಕು ಕಣೋ. ರೊಟ್ಟಿ ಸಾಲಲ್ಲಿ ನಿಂತು ಅವನ ಕಾರ್ಡು ಚಾಚೋವಾಗ, ಹುಷಾರಾಗಿದಾನಾ ಅಂತ ಕೇಳ್ತಾರೆ. ಹೂಂ ಅಂತೀನಿ. ಇನ್ನು ನನ್ನ ಕೈಲಾಗಲ್ಲ. ಎಲ್ಲರ ಮುಂದೆ ಹೇಳ್ಬಿಡು." ಇವತ್ತು ಬೆಳಿಗ್ಗೆ ಇಬ್ಬರೂ ಹೋಗಿ ಕಾರ್ಡು ಒಪ್ಪಿಸಿ ಬಂದೆವು. ಅವರ ಸಾವು ಇವತ್ತಿನ ತಾರೀಕಿನಲ್ಲಿ ದಾಖಲಾಗಿದೆ. ನಾಳೆಯಿಂದ ಅಕ್ಕನ ಪಾಲಿಗೆ ಒಂದೇ ತುಂಡು.

ಇನ್ನೊಂದು ಮಾತು ಉಳಿದಿದೆ.  ಆ ಹಾಡಿನಲ್ಲಿ ನೂರ ಅರವತ್ತಕ್ಕೂ ಹೆಚ್ಚು ಜನ ಇದ್ದರು. ನಿಮ್ಮ ಮಕ್ಕಳು, ನಿಮ್ಮ ಗಂಡಂದಿರು, ನಿಮ್ಮ ತಾಯಂದಿರು. ನನ್ನಲ್ಲಿ ಉಳಿದಿರುವುದು ಇಪ್ಪತ್ತೆರಡು ಸಾಲು. ಅದರಲ್ಲಿ ಐದರಲ್ಲಿ ತಂದೆಯ ಹೆಸರು ಇಲ್ಲ. ಮಿಕ್ಕವರೆಲ್ಲ ಎರಡನೆಯ ಸಲ ಸತ್ತರು, ಈ ಸಲ ಕೊಂದವನು ನಾನು. ಅಕ್ಕ ಮನೆಯಲ್ಲಿ ಕೋಣೆಯ ಗೋಡೆಯಾಚೆಯಿಂದ ಕೇಳಿಸಿಕೊಂಡ ಮೂರು ಸಾಲು ಕೊಟ್ಟಿದ್ದಾರೆ. ನಿಮ್ಮಲ್ಲಿ ಯಾರಾದರೂ, ರೊಟ್ಟಿಯ ಸಾಲಿನಲ್ಲೋ ಬೀದಿಯಲ್ಲೋ, ಅವರು ಗೊಣಗಿಕೊಳ್ಳುವುದನ್ನು ಕೇಳಿದ್ದರೆ — ಅರ್ಧ ಸಾಲಾದರೂ ಸರಿ, ಒಂದು ಬಿರುದಾದರೂ ಸರಿ — ಬಂದು ನನಗೆ ಹೇಳಿ. ಬೇಗ ಹೇಳಿ. ನಾನೂ ಎಷ್ಟು ದಿನವೋ ಗೊತ್ತಿಲ್ಲ.

ಅವರ ಸಾಲನ್ನು ನಾನು ಕಟ್ಟಿಲ್ಲ. ನಲವತ್ತು ದಿನ ಕಾಲು ಬಡಿದು ಎಣಿಸಿದ್ದೇನೆ. ಅನೆಸ್ತಿಸ್ ಎಂಬ ಹೆಸರಿನ ಮುಂದೆ ಏನು ಇಟ್ಟರೂ ಸಾಲು ಮುರಿಯುತ್ತದೆ. ಸೋತೆ.

ಈಗ ಏಳೋಣ. ಕಾಲಿನಲ್ಲಿ ಶಕ್ತಿ ಇಲ್ಲದವರು ಕುಳಿತೇ ಇರಿ, ಮೇಷ್ಟ್ರು ಯಾರನ್ನೂ ಬೈದವರಲ್ಲ. ಎದ್ದವರು ಪಕ್ಕದವರ ತೋಳು ಹಿಡಿದುಕೊಳ್ಳಿ, ಬೀಳಬಾರದು. ಗಡಿಯಾರ ನೋಡುವುದು ಬೇಡ. ನಮ್ಮಲ್ಲಿ ಒಬ್ಬರಿಗೆ ನಿಲ್ಲಲಾಗದು ಎನಿಸುವವರೆಗೆ, ಅಷ್ಟು ಹೊತ್ತು, ಎಲ್ಲರೂ ಸುಮ್ಮನೆ ನಿಲ್ಲೋಣ.