ಆರು ತಿಂಗಳು ದಾಟಿದ ಮೇಲ್

ನ್ಯಾಯಾಲಯದ ಮೊಗಸಾಲೆಯಲ್ಲಿ ಸರದಿಗಾಗಿ ಕಾದು ಬೇಸತ್ತಿದ್ದ ದರ್ಜಿಯ ಕಿವಿ, ಪಕ್ಕದ ಬೆಂಚಿನಲ್ಲಿದ್ದ ದಾದಿ ಮತ್ತು ಅವಳ ವಕೀಲರ ಮಾತಿನತ್ತ ತಾನಾಗಿಯೇ ವಾಲಿತು.

“ನನ್ನ ತಮ್ಮ ನನಗೆ ಬರೆದ ಇ-ಮೇಲನ್ನ ಪೊಲೀಸರು ಹೇಗೆ ಓದಿದ್ರು ಸಾರ್? ಜಡ್ಜ್ ಅಪ್ಪಣೆ ಬೇಡ್ವಾ?”

“ಈ ದೇಶದ ಹಳೇ ಕಾನೂನಲ್ಲಿ, ಆರು ತಿಂಗಳು ದಾಟಿದ ಮೇಲ್‌ಗೆ ಬೇಡಮ್ಮ. ಮೇಲ್ ಕಂಪನಿಗೊಂದು ನೋಟಿಸ್ ಕೊಟ್ರೆ ಸಾಕು.”

“ಪ್ರಿಂಟ್ ತೆಗೆದು ಬೀರುನಲ್ಲಿ ಇಟ್ಟಿದ್ರೆ?”

“ಬೀರು ಮುಟ್ಟೋಕೆ ವಾರಂಟ್ ಬೇಕಿತ್ತು.”

“ತಗಡಿನ ಬೀರುಗಿರೋ ಮರ್ಯಾದೆ ನಮಗಿಲ್ಲ! ಕೆಲಸ ಹೋದ ಸಿಟ್ಟಲ್ಲಿ ‘ಗೋದಾಮು ಸುಟ್ಟುಹೋಗ್ಲಿ’ ಅಂತ ಬರೆದಿದ್ದ, ಅಷ್ಟೇ.”

“ಗೋದಾಮು ಸುಟ್ಟೇಹೋಯ್ತಲ್ಲಮ್ಮ. ಆ ಸಾಲೇ ಈಗ ಅವರ ಸಾಕ್ಷಿ. ನೀನಾದ್ರೂ ಅಳಿಸಬಾರದಿತ್ತಾ?”

“ಮನಸ್ಸು ಬರ್ಲಿಲ್ಲ ಸಾರ್. ಕೆಳಗೆ ‘ಊಟ ಆಯ್ತಾ ಅಕ್ಕ’ ಅಂತ ಕೇಳಿದ್ದ.”

ಒಳಗಿನಿಂದ ಕೂಗು ಬಂತು. ವಕೀಲರು ಕೋಟು ಸರಿಪಡಿಸಿಕೊಂಡು ಎದ್ದರು.

“ಬಾಮ್ಮ. ಆ ಊಟದ ಸಾಲನ್ನ ಒಳಗೆ ಯಾರೂ ಓದಲ್ಲ.”

ಇಬ್ಬರೂ ಒಳಗೆ ಹೋದರು.