ಕಿಟಕಿ ಸೀಟು

ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಯಾದಗಿರಿ ಬಸ್ಸಿಗೆ ಕಾದಿದ್ದ ರೇವತಿಯ ಕಿವಿ ಪಕ್ಕದ ಗಂಡ ಹೆಂಡತಿಯ ಮಾತಿಗೆ ಅಂಟಿಕೊಂಡಿತು. ಕಥೆ ಬರೆಯುವುದನ್ನು ಕಲಿಸುವ ಶಿಬಿರ ಮುಗಿಸಿ ಬಂದಿದ್ದಳು ಹೆಂಡತಿ.

“ಏನ್ ಕಲಿಸಿದ್ರು, ಕಸ್ತೂರಿ?”

“ಗಂಡಗ ಹೆಂಡ್ತಿ ಮ್ಯಾಲ ಭಾಳ ಪ್ರೀತಿ ಅಂತ ಬರದಿದ್ದೆ. ಮೇಡಂ ಹೊಡದ್ಹಾಕಿದ್ರು.”

“ಯಾಕ, ಸುಳ್ಳೇನದು?”

“ಬರೇ ಹೇಳಬ್ಯಾಡ, ಅವ ಏನ್ ಮಾಡ್ತಾನ ಅದನ್ನ ಬರಿ ಅಂದ್ರು. ಎಷ್ಟು ವಿಚಾರ ಮಾಡಿದ್ರೂ ಒಂದೂ ನೆನಪಾಗಲಿಲ್ರಿ.”

“ಶಿಬಿರಕ್ಕ ಹೋಗಿ ಇದ್ದ ಕಥಿನೂ ಕೆಡಿಸ್ಕೊಂಡಿ ನೋಡು!”

ಅಷ್ಟರಲ್ಲಿ ಸುರಪುರದ ಬಸ್ಸು ಬಂತು. ಆತ ಎದ್ದು ಓಡಿದ. ಮಂದಿಯ ನಡುವೆ ನುಗ್ಗಿ, ಹೆಗಲ ಮೇಲಿನ ಟವೆಲನ್ನು ಕಿಟಕಿಯೊಳಗೆ ಎಸೆದು ಕೂಗಿದ:

“ಕಸ್ತೂರಿ, ಕಿಟಕಿ ಸೀಟು ಹಿಡದೀನಿ ಬಾ! ನಿನಗ ವಾಂತಿ ಬರ್ತದಲ್ಲ!”

ಕಸ್ತೂರಿ ಸೆರಗು ಸಿಕ್ಕಿಸಿಕೊಂಡು ಬಸ್ಸಿನತ್ತ ಓಡುತ್ತಲೇ ಕೂಗಿದಳು:

“ಇನ್ನೊಮ್ಮಿ ಹೇಳ್ರಿ, ಬರ್ಕೊಂತೀನಿ!”